ಹಾಡಿನ ಒಡೆತನವೂ ನಮ್ಮ ಹೆಣ್ಣುಮಕ್ಕಳೂ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಗಳಲ್ಲಿ ಶಾಲೆಯ ಸ್ನೇಹಸಮ್ಮೇಲನವು ಮುಗಿಯುವಷ್ಟರಲ್ಲಿಯೇ ಅದರ ಹಾಡು-ಕುಣಿತಗಳು ಯೂಟ್ಯೂಬಿನಲ್ಲಿ ಲೋಕಕ್ಕೆಲ್ಲ ಕಾಣುವಂಥ ಕಾಲವಿದು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇದರಿಂದ ಎರಡು ತೊಡಕುಗಳು ಒದಗಬಹುದು. ನಮ್ಮ ಹುಡುಗಿಯು ಕಟ್ಟಿದ ಪದವನ್ನು ಅನ್ಯರು ತಮ್ಮದೆಂದು ಪ್ರಕಟಿಸುವದು ಒಂದು. ನಾವು ನ್ಯಾಯವಾಗಿ ಪ್ರಕಟಿಸಿದ್ದನ್ನು ಅನ್ಯರು ದೂರು ಕೊಟ್ಟು ತೆಗೆಯಿಸುವದು ಇನ್ನೊಂದು. ಮೊದಲನೆಯದಕ್ಕೆ ಸುಮ್ಮನಿರುವದೂ ಎರಡನೆಯದಕ್ಕೆ ಅಂಜುವದೂ ಸಲ್ಲವೆಂಬುದೇ ನನ್ನ ಅಭಿಪ್ರಾಯವು.

1957ರ ಕಾಯದೆಯ ಮೇರೆಗೆ ಕೃತಿಯು ರಚಿತವಾದೊಡನೆ ಅದರ ಸ್ವಾಮ್ಯವು ಕರ್ತೃವಿಗೆ ಸಲ್ಲುವದು, ನೋಂದಣಿಯು ಕಡ್ಡಾಯವಲ್ಲ. ಆ ಹಕ್ಕು ಕರ್ತೃವಿನ ಜೀವಮಾನವೂ ಅನಂತರ 60 ವರ್ಷಗಳೂ ಉಳಿಯುವದು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳು ಈಗ ಎಲ್ಲರವು. ಆದರೆ ಅವನ್ನೇ ಇಂದು ಒಂದು ಕಂಪನಿಯು ಧ್ವನಿಮುದ್ರಿಸಿದರೆ ಆ ಮುದ್ರಿಕೆಯು ಕಂಪನಿಯದು. ಬಾವಿಯು ಊರಿನದಾದರೂ ಸೇದಿಟ್ಟ ಕೊಡವು ಸೇದಿದವಳದಲ್ಲವೆ?

ಶಾಲೆಗಳ ವಿಷಯದಲ್ಲಿ ಒಂದು ತೀರ್ಪನ್ನು ನೆನೆಯತಕ್ಕದ್ದು. 1997ರಲ್ಲಿ ದಿವಂಗತರಾದ ಶಿವರಾಮ ಕಾರಂತರು ತಮ್ಮ ಮರಣಪತ್ರದಿಂದ ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯರಿಗೆ ಬಿಟ್ಟಿದ್ದರು. ಮಣಿಪಾಲದ ಶಿಕ್ಷಣಸಂಸ್ಥೆಯೊಂದು ಕಾರಂತರ ಯಕ್ಷಗಾನ ಪ್ರಸಂಗವನ್ನು 2001ರಲ್ಲಿ ದಿಲ್ಲಿಯಲ್ಲಿ ಆಡಿಸಲು ವ್ಯಾಜ್ಯವಾಯಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಲ್ಯರ ಹಕ್ಕನ್ನು ಮನ್ನಿಸಿತು. ಆದರೂ ಕಾಯದೆಯು ವಿದ್ಯಾಸಂಸ್ಥೆಗಳಿಗೆ ಕೊಟ್ಟ ವಿನಾಯಿತಿಯೊಳಗೆ ನಡೆದ ಪ್ರಯೋಗಕ್ಕೆ ತಡೆಯಾಜ್ಞೆಯು ತಗಲದೆಂದಿತು. ವಿದ್ಯಾರ್ಥಿಗಳೂ ಶಿಕ್ಷಕರೂ ಆಡಿ, ತಮ್ಮವರೂ ಪಾಲಕರೂ ನೋಡುವದು ಈ ವಿನಾಯಿತಿಗೆ ಸೇರಿದ್ದು.

ಆದರೆ ಸಭಾಗೃಹದ ಈ ಸಲಿಗೆಯು ಯೂಟ್ಯೂಬಿನವರೆಗೆ ಚಾಚದೆಂಬುದನ್ನು ಮರೆಯಬಾರದು. ಅಲ್ಲಿ ನೋಡುವವರು ಪಾಲಕರಷ್ಟೇ ಅಲ್ಲ. ಆದುದರಿಂದ ಸಿನೇಮಾದ ಮುದ್ರಿತ ಸಂಗೀತಕ್ಕೆ ಕುಣಿಸಿ ಪ್ರಕಟಿಸುವದಕ್ಕಿಂತ, ಹಳೆಯ ಪದವನ್ನು ನಮ್ಮದೇ ಹಾರ್ಮೋನಿಯಂ-ತಬಲಗಳೊಡನೆ ಹಾಡಿಸುವದು ಲೇಸು.

ನಮ್ಮ ಕೃತಿಯು ಕಳವಾದರೆ, ಯಾವ ಕೃತಿ, ಅದು ನಮ್ಮದು ಹೇಗೆ, ಎಲ್ಲಿ ಪ್ರಕಟವಾಗಿದೆ ಎಂಬುದನ್ನು ಸ್ಪಷ್ಟವಾಗಿ ಬರೆದು ದೂರು ಕೊಡಬೇಕು. 2013ರ ನಿಯಮಗಳ ಮೇರೆಗೆ ಸೇವೆಯವರು ದೂರನ್ನು ಒಪ್ಪಿದರೆ 36 ತಾಸುಗಳೊಳಗೆ ಅದನ್ನು ಮರೆಮಾಡಬೇಕು. 21 ದಿನಗಳೊಳಗೆ ದೂರುದಾರರು ನ್ಯಾಯಾಲಯದ ಆಜ್ಞೆಯನ್ನು ತರದಿದ್ದರೆ ಪುನಃ ತೆರೆಯಬಹುದು.

ನಮ್ಮ ಮೇಲೆಯೇ ದೂರು ಬಂದರೆ ಮೊದಲು ಸತ್ಯವನ್ನು ವಿಚಾರಿಸಬೇಕು. ತಪ್ಪು ನಮ್ಮದಿದ್ದರೆ ತೆಗೆದುಹಾಕುವದೇ ಮರ್ಯಾದೆ. ಇಲ್ಲದಿದ್ದರೆ ತಕರಾರು ಸಲ್ಲಿಸತಕ್ಕದ್ದು. ಯೂಟ್ಯೂಬಿನ ಯಂತ್ರವು ಸ್ವರಗಳನ್ನು ಹೋಲಿಸಿ ಎತ್ತಿದ ಹಕ್ಕಿನ ಮೇಲೆ ನಾವು ತಕರಾರು ಮಾಡಿದರೆ, ಎದುರಿನವರು 30 ದಿನಗಳಲ್ಲಿ ಉತ್ತರಿಸಬೇಕು. ಮೌನವಾಗಿದ್ದರೆ ಹಕ್ಕು ಬಿದ್ದುಹೋಗುವದು. ದೂರಿನಿಂದ ತೆಗೆಯಲ್ಪಟ್ಟದ್ದಕ್ಕೆ ಪ್ರತಿಸೂಚನೆಯನ್ನು ಕೊಡಬಹುದು. 10 ಕೆಲಸದ ದಿನಗಳಲ್ಲಿ ಅವರು ದಾವೆ ಹೂಡಿದ್ದಕ್ಕೆ ಆಧಾರ ತೋರದಿದ್ದರೆ ಅದು ಮರಳಿ ಬರುವದು. ಆದರೆ ಪ್ರತಿಸೂಚನೆಯಲ್ಲಿ ಕೊಟ್ಟ ಹೆಸರು-ವಿಳಾಸಗಳು ದೂರುದಾರರ ಕೈಸೇರುವವು. ಎಳೆಯ ಹುಡುಗಿಯ ವಿಳಾಸವು ಅಪರಿಚಿತರಿಗೆ ಹೋಗುವದು ಯಾವ ತಾಯಿಗೆ ಒಪ್ಪಿಗೆಯಾದೀತು? ಆದುದರಿಂದ ಇಂಥವನ್ನು ಹುಡುಗಿಯರ ಹೆಸರಿನಲ್ಲಲ್ಲ, ಶಾಲೆಯ ಇಲ್ಲವೆ ಪಾಲಕರ ಹೆಸರಿನಲ್ಲಿಯೇ ಪ್ರಕಟಿಸತಕ್ಕದ್ದು.

“ನಾಲ್ಕು ಸಾಲಿನ ಹಾಡಿಗೆ ಇಷ್ಟೇಕೆ ಗದ್ದಲ?” ಎಂದು ಕೆಲವರು ಕೇಳಬಹುದು. ಹೆಣ್ಣುಮಕ್ಕಳ ಬೀಸುವ ಹಾಡು, ಜೋಗುಳ, ಕಸೂತಿಗಳು ತಲೆಮಾರುಗಳಿಂದ ಹೆಸರಿಲ್ಲದೆಯೇ ಸಾಗಿಬಂದವು. ಓದು-ಬರಹ ಕಲಿತ ಈ ಮಕ್ಕಳ ರಚನೆಗಳಾದರೂ ಅವರ ಹೆಸರಿನಿಂದ ಉಳಿಯಬೇಡವೆ? ಪ್ರತಿ ಶಾಲೆಯೂ ಒಂದು ವಹಿಯನ್ನಿಟ್ಟು, ಪದವನ್ನು ಯಾರು ಬರೆದರು, ಯಾರು ಹಾಡಿದರು, ವಾದ್ಯ ಯಾರದು, ಯಾವ ದಿನ ಎಂಬುದನ್ನು ಬರೆದಿಡಲಿ. ದೂರಿಗೂ ತಕರಾರಿಗೂ ಅದೇ ಸಾಕ್ಷಿಯಾಗುವದು. ಈ ವರ್ಷದ ಸಮ್ಮೇಲನದಿಂದಲೇ ಇದು ಆರಂಭವಾಗಲೆಂದು ಪಾಲಕರಲ್ಲಿ ನನ್ನ ವಿನಂತಿ.