ಪರೀಕ್ಷಾ ಕೊಠಡಿಗೂ ಕುಂಚಾವರಂಗೂ ಎಷ್ಟು ದೂರ?

ಕಲಬುರಗಿ: ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಅರಣ್ಯ ಪ್ರದೇಶದ ತಾಂಡಾವೊಂದರಲ್ಲಿ ರಾತ್ರಿ ವೇಳೆ ಹಾವು ಕಚ್ಚಿದರೆ, ರೋಗಿಗೆ ಮೊದಲು ಎದುರಾಗುವವರು ಜಿಲ್ಲಾ ಕೇಂದ್ರದ ತಜ್ಞರಲ್ಲ, ಸಮೀಪದ ಆಸ್ಪತ್ರೆಯ ಕಿರಿಯ ವೈದ್ಯರು ಅಥವಾ ನರ್ಸ್. ವಿಷನಿರೋಧಕ ಚುಚ್ಚುಮದ್ದು ನೀಡಬೇಕು, ಅದರಿಂದ ಅಲರ್ಜಿ ಕಾಣಿಸಿಕೊಂಡರೆ ತಕ್ಷಣ ಅಡ್ರಿನಲಿನ್ ಕೊಡಬೇಕು, ಗಾಬರಿಗೊಂಡ ಬಂಧುಗಳಿಗೆ ತಿಳಿಹೇಳಬೇಕು. ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯು ಈ ಸಾಮರ್ಥ್ಯವನ್ನು ಅಳೆಯುತ್ತಿದೆಯೇ ಎಂಬುದೇ ಪ್ರಶ್ನೆ.

ಸಾಂಪ್ರದಾಯಿಕ ಪದ್ಧತಿಯಲ್ಲಿ ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಒಪ್ಪಿಸಿ, ಬಳಿಕ ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ. ತಪಾಸಣೆ ನಡೆಸಿದ ರೀತಿಯನ್ನು ಅವರು ಪೂರ್ತಿಯಾಗಿ ಕಾಣುವುದು ವಿರಳ. ಒಬ್ಬರಿಗೆ ಸರಳ ಪ್ರಕರಣ, ಮತ್ತೊಬ್ಬರಿಗೆ ಜಟಿಲ ಪ್ರಕರಣ ದೊರೆತರೆ ಅದೃಷ್ಟವೂ ಅಂಕ ನೀಡುತ್ತದೆ.

ಈ ಕೊರತೆ ನೀಗಿಸಲು ಸ್ಕಾಟ್ಲೆಂಡ್‌ನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ‘ಒಎಸ್‌ಸಿಇ’ ಪದ್ಧತಿಯನ್ನು ಮಂಡಿಸಿದರು. ಎಲ್ಲ ವಿದ್ಯಾರ್ಥಿಗಳೂ ಒಂದೇ ಬಗೆಯ ಹಲವು ಕೇಂದ್ರಗಳನ್ನು ನಿಗದಿತ ನಿಮಿಷಗಳಲ್ಲಿ ದಾಟಬೇಕು. ಪ್ರತಿ ಹಂತಕ್ಕೂ ಮೊದಲೇ ಅಂಕ ಗೊತ್ತುಪಡಿಸಲಾಗಿರುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮವೂ ಇದನ್ನು ಅಳವಡಿಸಿಕೊಂಡಿದೆ. 2019ರ ಎಂಬಿಬಿಎಸ್ ಪಠ್ಯಕ್ರಮ ಕೌಶಲ ಪ್ರಯೋಗಾಲಯಕ್ಕೂ ರೋಗಿಯೊಂದಿಗಿನ ಸಂವಹನಕ್ಕೂ ಸ್ಥಾನ ನೀಡಿತು. ಆದರೆ ಪ್ರಾಯೋಗಿಕ ಹಂತವನ್ನೂ ಒಳಗೊಳ್ಳಬೇಕಿದ್ದ ರಾಷ್ಟ್ರಮಟ್ಟದ ‘ನೆಕ್ಸ್ಟ್’ ಪರೀಕ್ಷೆಯನ್ನು 2023ರ ಜುಲೈನಲ್ಲಿ ಮುಂದೂಡಲಾಯಿತು.

ಹೊಸ ಪದ್ಧತಿಗೂ ಮಿತಿಗಳಿವೆ. ಅಂಕಪಟ್ಟಿಯ ಹಂತಗಳನ್ನು ಕಂಠಪಾಠ ಮಾಡಿ ಒಪ್ಪಿಸುವವರು ಉತ್ತೀರ್ಣರಾಗಬಲ್ಲರು. ಇದಕ್ಕೆ ಹೆಚ್ಚು ಪರೀಕ್ಷಕರು, ಹೆಚ್ಚು ಕೊಠಡಿಗಳು, ಹೆಚ್ಚು ಹಣ ಬೇಕು. ವೆಚ್ಚದ ಬಗ್ಗೆ ಬಹುಕಾಲ ಟೀಕೆಗೆ ಗುರಿಯಾಗಿದ್ದ ಅಮೆರಿಕದ ಇಂತಹುದೇ ಪರವಾನಗಿ ಪರೀಕ್ಷೆಯನ್ನು ಕೋವಿಡ್ ವೇಳೆ ತಡೆಹಿಡಿದು, 2021ರಲ್ಲಿ ಸಂಪೂರ್ಣ ಕೈಬಿಡಲಾಯಿತು. ಮೇಲಾಗಿ, ಪ್ರಯೋಗಾಲಯದ ಬೊಂಬೆ ನೋವೆನ್ನುವುದಿಲ್ಲ, ತೆಲುಗು ಅಥವಾ ಲಂಬಾಣಿ ಮಾತನಾಡುವುದಿಲ್ಲ.

ಆದ್ದರಿಂದ ಪದ್ಧತಿಯ ಹೆಸರಿಗಿಂತ ಅದರಲ್ಲಿ ಏನನ್ನು ಪರೀಕ್ಷಿಸಲಾಗುತ್ತದೆ ಎಂಬುದು ಮುಖ್ಯ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿತು. ಹಾವು ಕಡಿತ, ಹೆರಿಗೆಯ ನಂತರದ ರಕ್ತಸ್ರಾವ, ಮಗುವಿನ ನಿರ್ಜಲೀಕರಣ, ಸಂಬಂಧಿಕರ ಮನವೊಲಿಕೆ ಇವು ಪ್ರತಿ ಪರೀಕ್ಷೆಯ ಕೇಂದ್ರಗಳಾಗಬೇಕು. ಜೊತೆಗೆ, ನಿಜವಾದ ರೋಗಿಯ ಪಕ್ಕದಲ್ಲಿ ವಿದ್ಯಾರ್ಥಿಯನ್ನು ಪರೀಕ್ಷಕರು ಖುದ್ದು ಗಮನಿಸುವ ವ್ಯವಸ್ಥೆಯೂ ಉಳಿಯಬೇಕು. ಕೈಗೆ ಪಳಗದ ಕೌಶಲಕ್ಕೆ ಪರೀಕ್ಷೆಯಲ್ಲಿ ಅಂಕ ದೊರೆತರೆ, ಅದರ ಬೆಲೆ ತೆರುವವರು ಗಡಿಗ್ರಾಮಗಳ ರೋಗಿಗಳು.