ಬೂತ್ ಕಾರ್ಯಕರ್ತನಿಗೆ ಮೇಲಿನ ಮೆಟ್ಟಿಲೇ ಇಲ್ಲ

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಸಂಪ್ರದಾಯವಾದಿ ರಾಜಕಾರಣಕ್ಕೆ ಇಳಿಯುವುದೆಂದರೆ ಬಹುಮಟ್ಟಿಗೆ ಬಿಜೆಪಿಯ ಬೂತ್ ಸಮಿತಿ ಸೇರುವುದೆಂದೇ ಅರ್ಥ. ಕೆಲವರು ಸಂಘದ ಶಾಖೆಯಿಂದ ಬರುತ್ತಾರೆ, ಕೆಲವರು ಎಬಿವಿಪಿಯಿಂದ. ಉಳಿದವರು ಊರಿನ ಮುಖಂಡರ ಬೆನ್ನು ಹಿಡಿದು ಬಂದವರು. ಈ ಮೂರನೆಯ ದಾರಿಯೇ ಇಲ್ಲಿ ಅಗಲವಾದದ್ದು. ಪಕ್ಷದ ಬಲ, ದೌರ್ಬಲ್ಯ ಎರಡೂ ಅಲ್ಲೇ ಇವೆ.

ಕಾಗದದ ಮೇಲೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಮತದಾರರ ಪಟ್ಟಿಯ ಪುಟಕ್ಕೊಬ್ಬ ಪೇಜ್ ಪ್ರಮುಖ, ಮತಗಟ್ಟೆಗೊಬ್ಬ ಬೂತ್ ಅಧ್ಯಕ್ಷ, ಕೆಲವು ಬೂತ್‌ಗಳು ಸೇರಿ ಒಂದು ಶಕ್ತಿ ಕೇಂದ್ರ, ಅದರ ಮೇಲೆ ಮಂಡಲ ಮತ್ತು ಜಿಲ್ಲೆ. ಹೊಸಬ ಮೊದಲು ಮಾಡಬೇಕಾದದ್ದು ತನ್ನ ಪುಟದ ಮನೆಗಳನ್ನು ಅರಿಯುವ ಕೆಲಸ: ಯಾರು ಗುಳೆ ಹೋಗಿದ್ದಾರೆ, ಯಾರ ಹೆಸರು ಬಿಟ್ಟುಹೋಗಿದೆ, ಯಾರಿಗೆ ಹದಿನೆಂಟು ತುಂಬಿದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಸಂಸಾರ ಸಮೇತ ಹೋಗುವವರಿರುವ ಯಾದಗಿರಿ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಅತಿ ಕಡಿಮೆ. ಅರ್ಜಿ ಬರೆದುಕೊಟ್ಟು ಕಚೇರಿಗೆ ಜೊತೆ ಹೋಗುವವನಿಗೆ ಹಳ್ಳಿಯಲ್ಲಿ ಇಂದಿಗೂ ಬೆಲೆಯಿದೆ.

ಸೋಲು ಗೆಲುವಿನ ಲೆಕ್ಕ ಮಾತ್ರ ಮನೆತನಗಳದ್ದು. ಸುರಪುರದಲ್ಲಿ ನರಸಿಂಹ ನಾಯಕ (ರಾಜೂಗೌಡ) 2004ರಲ್ಲಿ ಗೆದ್ದದ್ದು ವಿಜಯ ಸಂಕೇಶ್ವರರ ಕನ್ನಡನಾಡು ಪಕ್ಷದಿಂದ. 2008 ಮತ್ತು 2018ರಲ್ಲಿ ಬಿಜೆಪಿಯಿಂದ. ಜನ ಆರಿಸಿದ್ದು ವ್ಯಕ್ತಿಯನ್ನು, ಪಕ್ಷ ಅವರ ಜೊತೆಗೆ ಬಂತು. 2023ರಲ್ಲಿ ಅವರನ್ನು ಸೋಲಿಸಿದ ಕಾಂಗ್ರೆಸ್‌ನ ರಾಜಾ ವೆಂಕಟಪ್ಪ ನಾಯಕ ಸುರಪುರದ ಅರಸು ಮನೆತನದವರು. 2024ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಉಪಚುನಾವಣೆಯಲ್ಲಿ ಗೆದ್ದವರು ಅವರ ಮಗ ರಾಜಾ ವೇಣುಗೋಪಾಲ ನಾಯಕ. ಶಹಾಪುರದ್ದು ದರ್ಶನಾಪುರ ಮತ್ತು ಶಿರವಾಳ ಮನೆಗಳ ಪೈಪೋಟಿ. 2013ರಲ್ಲಿ ಗುರು ಪಾಟೀಲ ಶಿರವಾಳ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷದಿಂದ (ಕೆಜೆಪಿ) ಗೆದ್ದಿದ್ದರು. ಯಾದಗಿರಿಯನ್ನು 2018ರಲ್ಲಿ ವೆಂಕಟರೆಡ್ಡಿ ಮುದ್ನಾಳ ಬಿಜೆಪಿಗೆ ಗೆದ್ದುಕೊಟ್ಟರು. 2023ರ ಜನವರಿ 19ರಂದು ಪ್ರಧಾನಿಯೇ ಕೊಡೇಕಲ್‌ಗೆ ಬಂದು ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ ಉದ್ಘಾಟಿಸಿದರು. ನಾಲ್ಕು ತಿಂಗಳಾಗುವಷ್ಟರಲ್ಲಿ ಜಿಲ್ಲೆಯ ನಾಲ್ಕೂ ಕ್ಷೇತ್ರಗಳಲ್ಲಿ ಬಿಜೆಪಿ ಸೋತಿತು. ದೊಡ್ಡ ಸಭೆಯಿಂದ ಬೂತ್ ಗಟ್ಟಿಯಾಗುವುದಿಲ್ಲ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರುವ ತನಕ ರೈತನ ಜೊತೆ ನಿಲ್ಲುವ ಕಾರ್ಯಕರ್ತನಿಂದ ಆಗುತ್ತದೆ.

ಕಾಪಾಡಬೇಕಾದ ಸಂಪ್ರದಾಯ ಯಾವುದು ಎಂಬ ಪ್ರಶ್ನೆಗೂ ನೆಲದಲ್ಲೇ ಉತ್ತರ ಹುಡುಕಬೇಕು. ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆ ಇಲ್ಲಿನ ಪರಂಪರೆ. ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರನೂ ಅಷ್ಟೇ ಇಲ್ಲಿನ ಪರಂಪರೆ. ಮೊದಲನೆಯದನ್ನು ಎತ್ತಿಹಿಡಿದು ಎರಡನೆಯದನ್ನು ಮರೆಯುವ ರಾಜಕಾರಣ ಈ ನೆಲದ ಸಂಪ್ರದಾಯವನ್ನು ಅರ್ಧ ಮಾತ್ರ ಕಾಪಾಡುತ್ತದೆ.

ಕಾರ್ಯಕರ್ತ ನಾಯಕನಾಗಿ ಬೆಳೆಯುವ ಜಾಗ ಪಂಚಾಯಿತಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ, ಇಪ್ಪತ್ತೊಂದು ತುಂಬಿದವರು ನಿಲ್ಲಬಹುದು, ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಪಕ್ಷದ ಚಿಹ್ನೆ ಬರುವುದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯಲ್ಲಿ. ದುಡ್ಡಿಲ್ಲದ, ದೊಡ್ಡ ಮನೆತನವಿಲ್ಲದ ಕಾರ್ಯಕರ್ತ ಟಿಕೆಟ್ ಕೇಳಬಹುದಾದ ಜಾಗ ಅದೊಂದೇ.

ಆ ಮೆಟ್ಟಿಲೇ ಕಿತ್ತುಹೋಗಿದೆ. 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಗ ಅಧಿಕಾರದಲ್ಲಿದ್ದ ಬಿಜೆಪಿ ಸರ್ಕಾರ ಕ್ಷೇತ್ರ ಮರುವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟಿತು. ಮೀಸಲಾತಿಯ ತಕರಾರು ನ್ಯಾಯಾಲಯ ಸುತ್ತಿತು. ಬಳಿಕ ಬಂದ ಕಾಂಗ್ರೆಸ್ ಸರ್ಕಾರವೂ ಅವಸರ ತೋರಲಿಲ್ಲ. ಜಿಲ್ಲಾ ಪಂಚಾಯಿತಿಗಳು ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲಿ ಉಳಿದವು. ಈ ತಪ್ಪಿನಲ್ಲಿ ಎರಡೂ ಪಕ್ಷಗಳಿಗೆ ಪಾಲಿದೆ. ಆದರೆ ಬೂತ್ ಕಾರ್ಯಕರ್ತನೇ ತನ್ನ ಜೀವಾಳ ಎನ್ನುವ ಪಕ್ಷ ಅದನ್ನು ಶುರು ಮಾಡಿದ್ದು ಹೆಚ್ಚು ದೊಡ್ಡ ತಪ್ಪು.