ಮಣ್ಣಿನ ಕಷಾಯ

ಕಷಾಯವನ್ನು ಕಾಯಿಸದ ಮನೆಯು ನಮ್ಮಲ್ಲಿ ವಿರಳವು. ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಆಯುರ್ವೇದವು ಐದು ಬಗೆಯ ಕಷಾಯಗಳನ್ನು ಹೇಳುವುದು. ಮೃದುವಾದ ದ್ರವ್ಯವನ್ನು ನೆನೆಸಿದರೆ ಸಾಕು. ಕಠಿನವಾದ ಬೇರುತೊಗಟೆಗಳನ್ನಾದರೋ ಕುದಿಸಿಯೇ ತೀರಬೇಕು. ಘನದಲ್ಲಡಗಿದ ಸಾರವನ್ನು ದ್ರವಕ್ಕಿಳಿಸುವುದೇ ಇವುಗಳ ಉದ್ದೇಶವು.

ಗದ್ದೆಯ ಮಣ್ಣಿನಲ್ಲಿ ಕೀಟನಾಶಕದ ವಿಷವು ಉಳಿದಿದೆಯೆ ಎಂಬುದನ್ನರಿಯಲು ರಸಾಯನಜ್ಞರು ಮಾಡುವುದೂ ಇದನ್ನೇ. ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಎಂಬಾತನು 1879ರಲ್ಲಿ ಹಾಲಿನ ಕೊಬ್ಬನ್ನಳೆಯಲು ರಚಿಸಿದ ಗಾಜಿನ ಯಂತ್ರವು ಇದಕ್ಕೆ ಬಹುಕಾಲ ಒದಗಿತು. ಅದರಲ್ಲಿ ದ್ರಾವಕವು ಕುದಿದು, ಆವಿಯಾಗಿ, ತಣಿದು, ಮಣ್ಣಿನ ಮೇಲೆ ಮರಳಿ ಮರಳಿ ತೊಟ್ಟಿಕ್ಕುವುದು. ಆದರೆ ಒಂದು ಪರೀಕ್ಷೆಗೆ 16ರಿಂದ 24 ಗಂಟೆಗಳ ಕಾಲ ಬೇಕು.

ಹೆಚ್ಚು ಕಾಯಿಸಬಾರದೆ ಎಂದರೆ, ಅಸಿಟೋನೆಂಬ ದ್ರಾವಕವು 56 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿದು ಹಾರಿಹೋಗುವುದು. ಇದಕ್ಕೆ ಉಪಾಯವು ಒತ್ತಡವೇ. ಡೆನಿ ಪಪೆನನು 1679ರಲ್ಲಿ ಬಿಗಿಮುಚ್ಚಳದ ಪಾತ್ರೆಯೊಂದನ್ನು ತೋರಿಸಿ, ಗಟ್ಟಿ ಮೂಳೆಯನ್ನೂ ಮೆತ್ತಗೆ ಬೇಯಿಸಿ ಅದರ ಸಾರವನ್ನು ತೆಗೆದನು. ನಮ್ಮ ಅಡಿಗೆಮನೆಯ ಕುಕ್ಕರು ಆ ಪಾತ್ರೆಯ ಸಂತತಿಯೇ ಸರಿ. ಇದೇ ತತ್ತ್ವವನ್ನನುಸರಿಸಿ 1995ರಲ್ಲಿ ಅಮೆರಿಕದ ಡಯೋನೆಕ್ಸ್ ಸಂಸ್ಥೆಯವರು ಒಂದು ಯಂತ್ರವನ್ನು ಹೊರತಂದರು. ಉಕ್ಕಿನ ನಳಿಕೆಯಲ್ಲಿ ಸುಮಾರು 10 ಗ್ರಾಮು ಮಣ್ಣನ್ನು ತುಂಬಿ, ವಾಯುಮಂಡಲದ ಸುಮಾರು ನೂರುಮಡಿ ಒತ್ತಡದಲ್ಲಿ ದ್ರಾವಕವನ್ನು 100 ಡಿಗ್ರಿಗೆ ಕಾಯಿಸುವರು. ಒತ್ತಡದಿಂದ ಅದು ಆವಿಯಾಗದೆ ದ್ರವವಾಗಿಯೇ ನಿಂತು ಸೂಕ್ಷ್ಮರಂಧ್ರಗಳನ್ನು ಹೊಗುವುದು. ಶಾಖದಿಂದ ತೆಳುವಾಗಿ, ಕಣಗಳಿಗಂಟಿದ ವಿಷವನ್ನು ಬಿಡಿಸುವುದು. ಅರ್ಧ ಗಂಟೆಯೊಳಗೆ ಕಾರ್ಯವು ಮುಗಿಯುವುದು; ದ್ರಾವಕವೂ ಅತ್ಯಲ್ಪವೇ ಸಾಕು.

ಇದರಲ್ಲಿ ದೋಷಗಳಿಲ್ಲವೆಂದಲ್ಲ. ಶಾಖವನ್ನು ತಾಳದ ಪದಾರ್ಥಗಳು ಒಡೆದುಹೋಗುವುವು. ಬೇಡದ ಕೊಬ್ಬು ಬಣ್ಣಗಳೂ ಕೂಡಿ ಬರುವುವು. ಅವನ್ನು ಶೋಧಿಸಿ ತೆಗೆಯಬೇಕು.

ಇಷ್ಟೆಲ್ಲ ಶ್ರಮವು ಏತಕ್ಕೆ? ಕಾಣದಿರುವಿಕೆಯು ಇಲ್ಲದಿರುವಿಕೆಗೆ ಪ್ರಮಾಣವಾಗಬೇಕಾದರೆ, ಆ ವಸ್ತುವು ಇದ್ದಿದ್ದರೆ ಕಾಣುವಂತಿರಬೇಕೆಂದು ನಮ್ಮ ಮೀಮಾಂಸಕರ ನಿಯಮವು. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಲಾಗದು. ಅಂತೆಯೇ ಹೊರಬಾರದ ವಿಷವು ಲೆಕ್ಕಕ್ಕೆ ಸಿಕ್ಕದು. ಆದುದರಿಂದಲೇ ಪರೀಕ್ಷಕರು ಮಣ್ಣಿನ ಒಂದು ಪಾಲಿಗೆ ತಿಳಿದ ಪ್ರಮಾಣದ ವಿಷವನ್ನು ತಾವೇ ಬೆರೆಸಿ, ಅದರಲ್ಲಿ ಎಷ್ಟು ಮರಳಿ ಬಂದಿತೆಂದು ನೋಡುವರು. ವಾಚಕರು ತಮ್ಮ ಹೊಲದ ಮಣ್ಣನ್ನೋ ಬಾವಿಯ ಕೆಸರನ್ನೋ ಪರೀಕ್ಷೆಗೆ ಕೊಟ್ಟು, ‘ವಿಷವಿಲ್ಲ’ ಎಂಬ ಉತ್ತರವನ್ನು ಪಡೆದಾಗ, ಬೆರೆಸಿದುದರಲ್ಲಿ ಎಷ್ಟು ಮರಳಿ ಬಂದಿತೆಂದು ಕೇಳುವುದು ಯುಕ್ತವು. ಆ ಮಣ್ಣಿನ ಬೆಳೆಯನ್ನುಣ್ಣುವವರು ನಮ್ಮ ಮಕ್ಕಳಲ್ಲವೆ?